ಹಳ್ಳಿಯ ದನಿ ಡೇರಿಯ ಗೋಡೆಯಿಂದ ಹೊರಡಲಿ

ಮಾನ್ಯ ಸಂಪಾದಕರೇ,

ಟವರ್ ಸಿಗದ, ಇಂಟರ್‌ನೆಟ್ ಇಲ್ಲದ ಊರಿನಲ್ಲೂ ಮೊಬೈಲ್‌ಗಳು ಒಂದಕ್ಕೊಂದು ಕೈಜೋಡಿಸಿ ಊರಿನದೇ ರೇಡಿಯೊ ಆಗಬಲ್ಲವು ಎಂಬ ಮಾತು ಬೆಂಗಳೂರಿನ ತಂತ್ರಜ್ಞಾನ ವಲಯದಲ್ಲಿ ಆಗಾಗ ಕೇಳಿಬರುತ್ತದೆ. ಮಾತಿನಲ್ಲಿ ಹುರುಳಿದೆ. ಆದರೆ ಹಾಗೆ ಹೇಳುವ ಹೆಚ್ಚಿನವರ ಕಣ್ಣಮುಂದೆ ಇರುವುದು ನೇರ ಪ್ರಸಾರ. ಪಂಚಾಯಿತಿಯಲ್ಲಿ ಒಬ್ಬರು ಆಡಿದ ಮಾತು ಅದೇ ಗಳಿಗೆಯಲ್ಲಿ ಫೋನಿನಿಂದ ಫೋನಿಗೆ ದಾಟಿ ತೋಟದ ಮನೆಯಲ್ಲಿ ಕೇಳಿಸಬೇಕು ಎಂಬ ಕನಸು ಅದು. ಆ ಹಾದಿ ಹಿಡಿದ ಯೋಜನೆ ಉದ್ಘಾಟನೆಯ ದಿನ ಚೆನ್ನಾಗಿಯೇ ನಡೆಯುತ್ತದೆ, ಆಮೇಲೆ ಸೊರಗುತ್ತದೆ. ಯಾಕೆ ಸೊರಗುತ್ತದೆ, ಬದಲಿಗೆ ಏನು ಮಾಡಿದರೆ ವರ್ಷಗಟ್ಟಲೆ ನಡೆಯುತ್ತದೆ ಎಂಬುದನ್ನು ಲೆಕ್ಕ ಸಮೇತ ಬರೆಯುತ್ತಿದ್ದೇವೆ. ಪಂಚಾಯಿತಿ ಸದಸ್ಯರು, ಅರಿವು ಕೇಂದ್ರಗಳ (ಪಂಚಾಯಿತಿ ಗ್ರಂಥಾಲಯಗಳ) ಮೇಲ್ವಿಚಾರಕರು, ಡೇರಿ ಕಾರ್ಯದರ್ಶಿಗಳು ಓದಲಿ ಎಂಬ ಆಸೆಯಿಂದ ಬರೆದದ್ದು. ಪತ್ರ ಉದ್ದವಾಗಿದೆ, ಮನ್ನಿಸಬೇಕು.

ಮೊದಲು ಫೋನಿನ ವಿಚಾರ. ಫೋನುಗಳು ಹೀಗೆ ಒಂದಕ್ಕೊಂದು ಕೈಜೋಡಿಸುವುದಕ್ಕೆ ಅಡ್‌ಹಾಕ್ ಜಾಲ ಎನ್ನುತ್ತಾರೆ, ಅಂದರೆ ನಡುವೆ ಯಜಮಾನನಿಲ್ಲದ ಜಾಲ. ಎಲ್ಲ ಯಂತ್ರಗಳೂ ಸಮ. ಪಕ್ಕದ್ದರಿಂದ ಪಡೆದು ಮುಂದಿನದಕ್ಕೆ ದಾಟಿಸುವುದು ಪ್ರತಿಯೊಂದರ ಕೆಲಸ. ಅಂಗಡಿಯಲ್ಲಿ ಸಿಗುವ ಆಂಡ್ರಾಯ್ಡ್ ಫೋನು ಈ ಬಗೆಯ ವೈಫೈಯನ್ನು ಬಳಕೆದಾರರಿಗೆ ಬಿಟ್ಟುಕೊಡುವುದೇ ಇಲ್ಲ. ಫೋನನ್ನು ರೂಟ್ ಮಾಡಿದರೆ, ಅಂದರೆ ಕಂಪನಿ ಹಾಕಿದ ಬೀಗ ತೆಗೆದು ಪೂರ್ತಿ ಹಿಡಿತ ಪಡೆದರೆ, ಕೆಲವು ಮಾದರಿಗಳಲ್ಲಿ ಸಾಧ್ಯ. ಆದರೆ ಊರಿನವರ ಫೋನುಗಳನ್ನೆಲ್ಲ ರೂಟ್ ಮಾಡಿಸಿ ಎನ್ನುವುದು ಆಗದ ಮಾತು, ಅವುಗಳ ಸುರಕ್ಷತೆಗೂ ಒಳ್ಳೆಯದಲ್ಲ. 2010ರ ಹೈಟಿ ಭೂಕಂಪದ ನಂತರ ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಸರ್ವಲ್ ಯೋಜನೆ ಇಂಥ ಜಾಲದ ದೊಡ್ಡ ಪ್ರಯತ್ನ. ಅವರಿಗೂ ಇದೇ ತೊಡಕು ಎದುರಾಗಿ, ಫೋನುಗಳ ಜೊತೆಗೆ ‘ಮೆಶ್ ಎಕ್ಸ್‌ಟೆಂಡರ್’ ಎಂಬ ಪ್ರತ್ಯೇಕ ಪೆಟ್ಟಿಗೆಯನ್ನು ರೂಪಿಸಬೇಕಾಯಿತು.

ಹಾಗಾದರೆ ಹಾಟ್‌ಸ್ಪಾಟ್ ಸಾಲದೇ ಎಂದು ಕೇಳುತ್ತಾರೆ. ಹಾಟ್‌ಸ್ಪಾಟ್ ಎಂದರೆ ನಡುವೆ ಒಂದು ಫೋನು, ಸುತ್ತ ಉಳಿದವು. ಸಾಮಾನ್ಯವಾಗಿ ಎಂಟು–ಹತ್ತು ಫೋನು ಸೇರುತ್ತಲೇ ಅದು ಮುಂದಿನವರನ್ನು ಒಳಗೆ ಬಿಡುವುದಿಲ್ಲ. ಬಹುತೇಕ ಅಗ್ಗದ ಫೋನುಗಳು ಒಂದು ವೈಫೈಗೆ ಸೇರಿಕೊಂಡೇ ಇನ್ನೊಂದು ಹಾಟ್‌ಸ್ಪಾಟ್ ತೆರೆಯಲಾರವು, ಆದ್ದರಿಂದ ಸರಪಳಿ ಬೆಳೆಯುವುದಿಲ್ಲ. 2011ರ ಆಂಡ್ರಾಯ್ಡ್ 4.0ರಿಂದ ಬಂದ, ಫೋನುಗಳನ್ನು ನೇರವಾಗಿ ಬೆಸೆಯುವ ವೈಫೈ ಡೈರೆಕ್ಟ್‌ನಲ್ಲೂ ಗುಂಪಿಗೊಬ್ಬ ಯಜಮಾನ ಇದ್ದೇ ಇರುತ್ತಾನೆ. ಎರಡು ಗುಂಪುಗಳು ತಾವಾಗಿ ಬೆಸೆದುಕೊಳ್ಳುವುದಿಲ್ಲ. ಸೇರುವಾಗಲೆಲ್ಲ ‘ಒಪ್ಪುತ್ತೀರಾ’ ಎಂಬ ಪ್ರಶ್ನೆಗೆ ಯಾರಾದರೂ ಬೆರಳೊತ್ತಬೇಕು. ಎಫ್‌ಎಂ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಫೋನಿನೊಳಗಿನ ಎಫ್‌ಎಂ ಚಿಪ್ ಕೇಳಿಸಿಕೊಳ್ಳಲು ಇರುವುದೇ ಹೊರತು ಬಿತ್ತರಿಸಲು ಅಲ್ಲ.

ಇನ್ನು ದನಿಯನ್ನು ದಾಟಿಸುವ ಬಗೆ. ಒಂದೇ ವೈಫೈ ಚಾನೆಲ್ಲಿನಲ್ಲಿ ಕೇಳುವುದೂ ಹೇಳುವುದೂ ಏಕಕಾಲಕ್ಕೆ ಆಗದು. ಮೊದಲ ಯಂತ್ರದಿಂದ ಪಡೆದು ಮೂರನೆಯದಕ್ಕೆ ಕೊಡುವ ಎರಡನೆಯ ಯಂತ್ರ ಅರ್ಧ ಹೊತ್ತು ಕೇಳಬೇಕು, ಅರ್ಧ ಹೊತ್ತು ಹೇಳಬೇಕು. ಎರಡು ಸಲ ದಾಟಿದರೆ ವೇಗ ಅರ್ಧ, ಮೂರು ಸಲ ದಾಟಿದರೆ ಮೂರನೇ ಒಂದು. ಒಂದನ್ನೊಂದು ಕಾಣದ ಎರಡು ಯಂತ್ರಗಳು ನಡುವಿನದಕ್ಕೆ ಒಟ್ಟಿಗೇ ಕೂಗಿದರೆ ಎರಡೂ ಹಾಳು. ‘ಎಲ್ಲರಿಗೂ ಒಂದೇ ಸಲ ಬಿತ್ತರಿಸಿದರಾಯಿತು’ ಎನ್ನುವವರು ಮಲ್ಟಿಕಾಸ್ಟ್ ಹೆಸರು ಹೇಳುತ್ತಾರೆ. ವೈಫೈಯಲ್ಲಿ ಮಲ್ಟಿಕಾಸ್ಟ್ ತಲುಪಿತೆಂದು ಯಾವ ಫೋನೂ ಮರಳಿ ತಿಳಿಸುವುದಿಲ್ಲ, ಆದ್ದರಿಂದ ಕಳೆದ ತುಣುಕನ್ನು ಯಾರೂ ಮತ್ತೆ ಕಳಿಸುವುದಿಲ್ಲ. ದೂರದವರಿಗೂ ಕೇಳಲೆಂದು ಅದು ಅತಿ ನಿಧಾನದ ವೇಗದಲ್ಲಿ ಹೊರಡುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ ಅದು ಸೆಕೆಂಡಿಗೆ 1 ಮೆಗಾಬಿಟ್ ಇರಬಹುದು. ಮೇಲಾಗಿ, ಪರದೆ ಆರಿಸಿ ಜೇಬಿಗೆ ಹಾಕಿಕೊಂಡ ಆಂಡ್ರಾಯ್ಡ್ ಫೋನು ಚಾರ್ಜ್ ಉಳಿಸಲು ಮಲ್ಟಿಕಾಸ್ಟನ್ನು ಬದಿಗೊತ್ತುತ್ತದೆ. ರೂಟರ್ ಕೂಡ ನಿದ್ದೆಯಲ್ಲಿರುವ ಫೋನುಗಳಿಗಾಗಿ ತುಣುಕುಗಳನ್ನು ಕೂಡಿಟ್ಟು ಒಟ್ಟಿಗೆ ಸುರಿಯುತ್ತದೆ. ಕೇಳುಗರ ಕಿವಿಗೆ ಬೀಳುವುದು ತಡೆತಡೆದು ಬರುವ ಮಾತು. ಇದರ ಜೊತೆಗೆ, ಯಾರ ಫೋನು ಊರಿನ ದನಿಯನ್ನು ದಾಟಿಸುತ್ತಿದೆಯೋ ಅವರ ಚಾರ್ಜು ಸಂಜೆಗೆ ಮುಗಿದಿರುತ್ತದೆ. ಹೊಲಕ್ಕೆ ಹೊರಟವರು ಅದನ್ನು ಒಂದು ದಿನ ಸಹಿಸಿಯಾರು, ಎರಡನೇ ದಿನ ವೈಫೈ ಆರಿಸುತ್ತಾರೆ. ಅದು ಅವರ ತಪ್ಪಲ್ಲ.

ನಮ್ಮ ಖಚಿತ ಅಭಿಪ್ರಾಯ ಇದು: ಹಳ್ಳಿಗೆ ಬೇಕಾದುದು ನೇರ ಪ್ರಸಾರವಲ್ಲ, ಹೊತ್ತು ತರುವ ಪ್ರಸಾರ. ಧ್ವನಿಮುದ್ರಿಸಿದ ಕಡತ (ಫೈಲ್) ಒಂದು ಗೊತ್ತಾದ ಜಾಗದಲ್ಲಿ ಕಾದಿರಬೇಕು, ಜನ ಹೇಗೂ ಬರುವ ಹೊತ್ತಿಗೆ ಅವರ ಫೋನಿಗೆ ಇಳಿಯಬೇಕು, ಅಲ್ಲಿಂದ ಕೈಯಿಂದ ಕೈಗೆ ಹೋಗಬೇಕು. ಪಡಿತರ ಯಾವಾಗ, ಪಶುವೈದ್ಯರು ಯಾವ ದಿನ ಬರುತ್ತಾರೆ, ಉದ್ಯೋಗ ಖಾತರಿ ಕೆಲಸ ಎಲ್ಲಿ, ಟೊಮೆಟೊ ಎಲೆಗೆ ಬಂದ ರೋಗಕ್ಕೆ ಏನು ಮಾಡಬೇಕು — ಇವುಗಳಲ್ಲಿ ಯಾವುದೂ ಆರು ಗಂಟೆ ತಡವಾದರೆ ಕೆಡುವ ಸುದ್ದಿಯಲ್ಲ.

ಇದು ಹೊಸದೂ ಅಲ್ಲ, ಹೊರಗಿನದೂ ಅಲ್ಲ. ಎರಡು ದಶಕಗಳ ಹಿಂದೆ ನಮ್ಮ ದೊಡ್ಡಬಳ್ಳಾಪುರದಲ್ಲೇ ಭೂಮಿ ಯೋಜನೆಯ ಪಹಣಿಗಳಿಗಾಗಿ ‘ಡಾಕ್‌ನೆಟ್’ ಪ್ರಯೋಗ ನಡೆದಿತ್ತು. ಸರ್ಕಾರಿ ಬಸ್ಸಿಗೆ ವೈಫೈ ಪೆಟ್ಟಿಗೆ ಕಟ್ಟಿದ್ದರು. ಬಸ್ಸು ಹಳ್ಳಿಯ ಕಿಯಾಸ್ಕ್ ಪಕ್ಕ ಹಾಯುವಾಗ ಅರ್ಜಿಗಳು ಬಸ್ಸಿಗೆ ಏರುತ್ತಿದ್ದವು, ತಾಲ್ಲೂಕು ಕಚೇರಿಯ ಹತ್ತಿರ ಇಳಿಯುತ್ತಿದ್ದವು, ಪಹಣಿ ಮರಳಿ ಬರುತ್ತಿತ್ತು. 2004ರಲ್ಲಿ ಪ್ರಕಟವಾದ ಅದರ ವರದಿಯ ಪ್ರಕಾರ ಬಸ್ಸು ಒಮ್ಮೆ ಹಾದುಹೋಗುವಾಗ ಸಿಗುತ್ತಿದ್ದ ಸಂಪರ್ಕ ಸರಾಸರಿ 2 ನಿಮಿಷ 34 ಸೆಕೆಂಡ್. ಅಷ್ಟರಲ್ಲಿ ಒಂದು ದಿಕ್ಕಿಗೆ ಸರಾಸರಿ 20.9 ಮೆಗಾಬೈಟ್ ಸಾಗುತ್ತಿತ್ತು. ಇಂದಿನ ಧ್ವನಿ ಸಂಕೋಚನದ ಲೆಕ್ಕದಲ್ಲಿ ಅದು ಸುಮಾರು ಮೂರು ಗಂಟೆಯ ಮಾತು! ಛತ್ತೀಸಗಢದಲ್ಲಿ ಸಿಜಿನೆಟ್ ಸ್ವರ ಎಂಬ ಜನರ ಸುದ್ದಿ ವೇದಿಕೆಯವರ ‘ಬುಲ್ಟೂ ರೇಡಿಯೊ’ ಬ್ಲೂಟೂತ್‌ನಲ್ಲೇ ಫೋನಿನಿಂದ ಫೋನಿಗೆ ಹರಡಿದ ಕಾರ್ಯಕ್ರಮ. ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ಕೇಂದ್ರ, ಸಮುದಾಯ ಸಂಸ್ಥೆಗಳಿಗೆ ರೇಡಿಯೊ ಪರವಾನಗಿ ಸಿಗದಿದ್ದ ಕಾಲದಲ್ಲಿ ಕೇಬಲ್ ಟಿವಿ ತಂತಿಯಲ್ಲೇ ಊರಿನ ದನಿ ಹರಿಸಿತ್ತು. ಮೂವರೂ ಮಾಡಿದ್ದು ಒಂದೇ ಕೆಲಸ. ಇದ್ದ ಸಾಗಾಟದ ಮೇಲೆ ದನಿಯನ್ನೋ ದಾಖಲೆಯನ್ನೋ ಏರಿಸಿದರು.

ಈಗ ನಮ್ಮ ಹಳ್ಳಿಗಳಲ್ಲಿ ಅಂಥ ಸಾಗಾಟ ಯಾವುದು? ಹಾಲು. ಡೇರಿಯ ಮುಂದೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಊರಿನ ಬಹುಪಾಲು ಮನೆಗಳಿಂದ ಒಬ್ಬರು ಕ್ಯಾನು ಹಿಡಿದು ಬಂದು ಹತ್ತು–ಹದಿನೈದು ನಿಮಿಷ ಸಾಲಿನಲ್ಲಿ ನಿಲ್ಲುತ್ತಾರೆ. ಅವರಲ್ಲಿ ಹೆಂಗಸರೂ ಇರುತ್ತಾರೆ, ಇದು ಮುಖ್ಯ. ಹಾಲಿನ ಗಾಡಿ ಗೊತ್ತಾದ ಹಾದಿಯಲ್ಲಿ ಊರಿಂದೂರಿಗೆ ಹೋಗುತ್ತದೆ, ಹೊಸ ಕಡತಗಳನ್ನೂ ಅದೇ ಒಯ್ಯಬಲ್ಲದು. ಹಾಲು ಶೀತಲೀಕರಣ ಘಟಕ ಇರುವ ಕಡೆ ಟ್ಯಾಂಕರ್ ಬರುವುದು ಕಡಿಮೆ, ಅಂಥಲ್ಲಿ ಬಸ್ಸನ್ನೋ ಅಂಚೆಯವರನ್ನೋ ನೆಚ್ಚಬೇಕು. ಡೇರಿ ಒಪ್ಪದಿದ್ದರೆ ಅರಿವು ಕೇಂದ್ರ ಎರಡನೆಯ ಆಯ್ಕೆ. ಅಲ್ಲಿ ಕೀಲಿಕೈ, ಕುರ್ಚಿ, ಮೇಲ್ವಿಚಾರಕರು ಎಲ್ಲ ಇದ್ದಾರೆ. ಆದರೆ ಹಾಲು ಹಾಕುವವರು ದಿನಕ್ಕೆ ಎರಡು ಬಾರಿ ಅಲ್ಲಿಗೆ ಹೋಗುವುದಿಲ್ಲ.

ಕಡತಗಳನ್ನು ಇಟ್ಟುಕೊಂಡು ವೈಫೈಯಲ್ಲಿ ಹಂಚುವ ಪೆಟ್ಟಿಗೆಯೊಂದನ್ನು ಡೇರಿಯಲ್ಲಿ ಇಡಬೇಕು. ಅದಕ್ಕೆ ಬೇಕಾದ್ದು ಹೆಚ್ಚೇನಿಲ್ಲ. ಓಪನ್‌ಡಬ್ಲ್ಯೂಆರ್‌ಟಿ ಎಂಬ ರೂಟರುಗಳ ಉಚಿತ ತಂತ್ರಾಂಶ ಹಾಕಬಹುದಾದ ಯುಎಸ್‌ಬಿ ಕಿಂಡಿಯ ರೂಟರ್ ಒಂದು, 16 ಅಥವಾ 32 ಜಿಬಿಯ ಪೆನ್‌ಡ್ರೈವ್ ಒಂದು, ಬ್ಯಾಟರಿ, ಸೋಲಾರ್ ಫಲಕ, ಚಾರ್ಜ್ ಕಂಟ್ರೋಲರ್. ಎಲ್ಲವೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ರೂಟರ್ ಕೊಳ್ಳುವಾಗ ಕನಿಷ್ಠ 16 ಎಂಬಿ ಫ್ಲ್ಯಾಶ್, 128 ಎಂಬಿ ರ‍್ಯಾಮ್ ಇದೆಯೇ ನೋಡಿ. 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್‌ನ ಹಳೆಯವು ಅಗ್ಗವಾಗಿ ಸಿಗುತ್ತವೆ, ಆದರೆ ಹೊಸ ಆವೃತ್ತಿಗಳು ಅವುಗಳಲ್ಲಿ ನಡೆಯುವುದಿಲ್ಲ. ಹೆಚ್ಚಿನವರು ಎಡವುವುದು ಇನ್ನೊಂದು ಕಡೆ. ಒಂದೇ ಮಾದರಿ ಹೆಸರಿನಲ್ಲಿ ಒಳಗಿನ ಚಿಪ್ಪೇ ಬೇರೆ ಬೇರೆ ಇರುತ್ತದೆ. ಡಬ್ಬಿಯ ಮೇಲಿನ ಹೆಸರು ನೋಡಿ ತರಬೇಡಿ. ರೂಟರಿನ ತಳದ ಚೀಟಿಯಲ್ಲಿ ಅಚ್ಚಾಗಿರುವ ಆವೃತ್ತಿ ಸಂಖ್ಯೆಯನ್ನು ಓಪನ್‌ಡಬ್ಲ್ಯೂಆರ್‌ಟಿಯ ಪಟ್ಟಿಯೊಂದಿಗೆ ತಾಳೆ ನೋಡಿ, ಆಮೇಲೆ ಹಣ ಕೊಡಿ.

ವಿದ್ಯುತ್ತಿನ ಲೆಕ್ಕವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಇಂಥ ಜಾಲಗಳು ಹೆಚ್ಚಾಗಿ ಸಾಯುವುದು ಇಲ್ಲೇ. ರೂಟರ್ ಸುಮಾರು 5 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ದಿನವಿಡೀ ನಡೆದರೆ 120 ವ್ಯಾಟ್–ಅವರ್. ನಮ್ಮ ಬಯಲುಸೀಮೆಯಲ್ಲಿ ದಿನಕ್ಕೆ ಐದು ಗಂಟೆಯಷ್ಟು ಪೂರ್ಣ ಬಿಸಿಲು ಎಂದು ಹಿಡಿದು, ಮೂರನೇ ಒಂದು ಪಾಲು ನಷ್ಟ ಕಳೆದರೆ 40 ವ್ಯಾಟ್ ಫಲಕ ಬೇಕು. ಮಳೆಗಾಲವನ್ನೂ ದಾಟಬೇಕೆಂದರೆ 75. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ. ಆದ್ದರಿಂದ ಒಂದು ದಿನಕ್ಕೇ 12 ವೋಲ್ಟಿನ 20 ಆಂಪಿಯರ್–ಅವರ್ ಬೇಕಾಗುತ್ತದೆ. ಆದರೆ ಪೆಟ್ಟಿಗೆ ದಿನವಿಡೀ ಎಚ್ಚರವಿರಬೇಕೇ? ಬೆಳಿಗ್ಗೆ ಮೂರು ಗಂಟೆ, ಸಂಜೆ ಮೂರು ಗಂಟೆ ನಡೆದರೆ ಬೇಕಾಗುವುದು ಬರೀ 30 ವ್ಯಾಟ್–ಅವರ್. 20 ವ್ಯಾಟ್ ಫಲಕ, ಯುಪಿಎಸ್‌ಗೆ ಹಾಕುವ 7 ಆಂಪಿಯರ್–ಅವರ್ ಬ್ಯಾಟರಿ ಸಾಕು, ತಾಲ್ಲೂಕು ಕೇಂದ್ರದ ಯಾವ ಅಂಗಡಿಯಲ್ಲೂ ಸಿಗುತ್ತದೆ. ನಡುವೆ ಒಂದು 12 ವೋಲ್ಟ್ ಡಿಜಿಟಲ್ ಟೈಮರ್ ಹಾಕಿ. ಅದರೊಳಗೆ ಸ್ವಂತ ಬ್ಯಾಟರಿ ಇರಲಿ, ಇಲ್ಲವಾದರೆ ತಂತಿ ಸಡಿಲವಾದ ದಿನವೇ ಸಮಯ ಮರೆತುಬಿಡುತ್ತದೆ. ಕರೆಂಟಿನಿಂದಲೇ ನಡೆಸುವುದಾದರೆ ಮನೆಗಳಿಗೆ ಕರೆಂಟು ಕೊಡುವ ನಿರಂತರ ಜ್ಯೋತಿಯ ಲೈನಿನಿಂದ ತೆಗೆದುಕೊಳ್ಳಿ, ಪಂಪ್‌ಸೆಟ್ ಲೈನಿನಿಂದ ಬೇಡ. ಅಲ್ಲಿ ಕರೆಂಟು ಬರುವ ಹೊತ್ತೂ ಬೇರೆ, ವೋಲ್ಟೇಜ್ ಏರಿಳಿತವೂ ಹೆಚ್ಚು.

ಥಟ್ಟನೆ ಕರೆಂಟು ಹೋದಾಗ ಪೆನ್‌ಡ್ರೈವಿಗೆ ಬರೆಯುತ್ತಿದ್ದ ಕಡತ ಹಾಳಾಗುತ್ತದೆ, ಕೆಲವೊಮ್ಮೆ ಇಡೀ ಪೆನ್‌ಡ್ರೈವೇ ತೆರೆಯದಂತಾಗುತ್ತದೆ. ಕಾರ್ಯಕ್ರಮಗಳಿರುವ ಭಾಗವನ್ನು ಓದಲಿಕ್ಕೆ ಮಾತ್ರ ತೆರೆದಿಟ್ಟು, ಹೊಸದನ್ನು ಏರಿಸುವ ಎರಡು ನಿಮಿಷ ಮಾತ್ರ ಬರೆಯಲು ಬಿಟ್ಟರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಇನ್ನೊಂದು ಕಾಟ ಗಡಿಯಾರದ್ದು. ಅಗ್ಗದ ರೂಟರಿನಲ್ಲಿ ಕರೆಂಟಿಲ್ಲದಾಗ ನಡೆಯುವ ಗಡಿಯಾರ ಇರುವುದಿಲ್ಲ. ಇಂಟರ್‌ನೆಟ್ಟೂ ಇಲ್ಲದಿದ್ದರೆ ಪ್ರತಿ ಸಲ ಎದ್ದಾಗ ಅದು ಹಳೆಯ ತಾರೀಖಿನಲ್ಲೇ ಇರುತ್ತದೆ. ಆಗ ‘ಎರಡು ದಿನದ ನಂತರ ಅಳಿಸು’ ಎಂಬ ಆಜ್ಞೆ ಕೆಲಸ ಮಾಡುವುದಿಲ್ಲ, ಕಳೆದ ತಿಂಗಳ ಮಾರುಕಟ್ಟೆ ದರ ಇವತ್ತಿನದೆಂದು ಜನರಿಗೆ ಹೋಗುತ್ತದೆ. ಬೋರ್ಡಿನಲ್ಲಿ ಪಿನ್ನುಗಳಿದ್ದರೆ ಡಿಎಸ್3231 ಎಂಬ ಗಡಿಯಾರದ ಚಿಪ್ಪನ್ನು ಸಿಆರ್2032 ಬಿಲ್ಲೆ ಬ್ಯಾಟರಿಯೊಂದಿಗೆ ಜೋಡಿಸಬಹುದು. ಇಲ್ಲದಿದ್ದರೆ ಕಾರ್ಯಕ್ರಮ ಏರಿಸುವ ಫೋನೇ ರೂಟರಿಗೆ ಸಮಯವನ್ನೂ ಹೇಳುವಂತೆ ಮಾಡಿ. ಹೇಗಾದರೂ ಪ್ರತಿ ಕಾರ್ಯಕ್ರಮದ ಮೊದಲ ವಾಕ್ಯದಲ್ಲಿ ವಾರ, ತಾರೀಖು ಬಾಯಲ್ಲೇ ಹೇಳಿಬಿಡಿ. ಯಂತ್ರ ತಪ್ಪಿದರೂ ಕೇಳುವವರಿಗೆ ಗೊತ್ತಾಗುತ್ತದೆ.

ರೂಟರನ್ನು ಡೇರಿಯ ಒಳಗೋಡೆಗೆ, ತಲೆಗಿಂತ ಮೇಲೆ, ಸಾಲು ನಿಲ್ಲುವ ಕಡೆಗೆ ಕಿಟಕಿ ಇರುವಲ್ಲಿ ಹಾಕಿ. ಸ್ಟೀಲ್ ಕ್ಯಾನುಗಳ ರಾಶಿಯ ಹಿಂದೆ ಬೇಡ, ತಗಡಿನ ಮಾಡಿಗೆ ಅಂಟಿಸಿಯೂ ಬೇಡ. ವೈಫೈಯಲ್ಲಿ ಹಳೆಯ ‘ಬಿ’ ಮಾದರಿಯ 1, 2, 5.5, 11 ಮೆಗಾಬಿಟ್ ವೇಗಗಳನ್ನು ಮುಚ್ಚಿಬಿಡಿ. ರಸ್ತೆಯಾಚೆ ನಿಂತ ಒಂದು ಫೋನು 1 ಮೆಗಾಬಿಟ್‌ನಲ್ಲಿ ತೆವಳುತ್ತಿದ್ದರೆ ಎದುರಿಗೇ ಇರುವ ಇಪ್ಪತ್ತು ಜನ ಅದಕ್ಕಾಗಿ ಕಾಯಬೇಕಾಗುತ್ತದೆ. ಚಾನೆಲ್ 1, 6, 11ರಲ್ಲಿ ಯಾವುದು ಖಾಲಿಯೋ ಅದು. ಕಡತಗಳ ಪಟ್ಟಿ ತೋರಿಸುವ ಪುಟದ ವಿಳಾಸ ‘ಎಚ್‌ಟಿಟಿಪಿ’ಯೇ ಇರಲಿ, ‘ಎಚ್‌ಟಿಟಿಪಿಎಸ್’ ಬೇಡ. ಇಂಟರ್‌ನೆಟ್ ಇಲ್ಲದ ಪೆಟ್ಟಿಗೆಗೆ ಸರಿಯಾದ ಪ್ರಮಾಣಪತ್ರ ಒದಗಿಸುವುದು ಕಷ್ಟ, ಬ್ರೌಸರ್ ಕೆಂಪು ಎಚ್ಚರಿಕೆ ತೋರಿಸಿದರೆ ಜನ ಹೆದರಿ ಹಿಂದೆ ಸರಿಯುತ್ತಾರೆ.

ಬಳಸುವವರಿಗೆ ದೊಡ್ಡ ಅಡ್ಡಿ ಇನ್ನೊಂದಿದೆ. ಫೋನು ಈ ವೈಫೈಗೆ ಸೇರಿದ ಕೂಡಲೇ ‘ಇಂಟರ್‌ನೆಟ್ ಇಲ್ಲ’ ಎಂದು ಹೇಳಿ, ಸದ್ದಿಲ್ಲದೆ ಮೊಬೈಲ್ ಡೇಟಾಗೆ ಹೊರಳುತ್ತದೆ. ಪುಟ ತೆರೆಯುವುದಿಲ್ಲ, ‘ಇದು ಕೆಟ್ಟಿದೆ’ ಎಂದು ಜನ ಬಿಟ್ಟುಬಿಡುತ್ತಾರೆ. ‘ಆದರೂ ಸಂಪರ್ಕದಲ್ಲಿರು’ ಎಂಬುದನ್ನು ಒತ್ತಲೇಬೇಕು, ಕೆಲವು ಫೋನುಗಳಲ್ಲಿ ಡೇಟಾ ಆರಿಸಲೇಬೇಕು. ಇದನ್ನು ಚಿತ್ರ ಸಮೇತ ದೊಡ್ಡ ಕನ್ನಡ ಅಕ್ಷರಗಳಲ್ಲಿ ಮುದ್ರಿಸಿ, ಲ್ಯಾಮಿನೇಟ್ ಮಾಡಿಸಿ, ತೂಕದ ಯಂತ್ರದ ಪಕ್ಕ ಅಂಟಿಸಿ. ವೈಫೈಗೆ ಸೇರಲು ಒಂದು ಕ್ಯೂಆರ್ ಸಂಕೇತ, ಪುಟಕ್ಕೆ ಇನ್ನೊಂದು. ಮೊದಲ ವಾರ ಒಬ್ಬ ಹುಡುಗನೋ ಹುಡುಗಿಯೋ ಅಲ್ಲಿ ನಿಂತು ತೋರಿಸಿಕೊಟ್ಟರೆ ಆಮೇಲೆ ಊರೇ ಒಬ್ಬರಿಗೊಬ್ಬರು ಹೇಳಿಕೊಡುತ್ತದೆ.

ಧ್ವನಿಮುದ್ರಣಕ್ಕೆ ಸ್ಟುಡಿಯೊ ಬೇಡ. ಒಳ್ಳೆಯ ಫೋನು, ಬಟ್ಟೆ ತುಂಬಿದ ಕೋಣೆ ಸಾಕು. ಬರಿಗೋಡೆಯ ಹಾಲ್‌ನಲ್ಲಿ ದನಿ ಮಾರ್ದನಿಸುತ್ತದೆ, ಕಂಬಳಿ ಹಾಕಿದರೆ ನಿಲ್ಲುತ್ತದೆ. ತಗಡಿನ ಮಾಡಿನ ಕೆಳಗೆ ಮಧ್ಯಾಹ್ನ ಬಿಸಿಲಿಗೆ ತಗಡು ಟಕಟಕ ಎನ್ನುತ್ತದೆ, ಮಳೆ ಬಂದರಂತೂ ಮುಗಿಯಿತು. ಫ್ಯಾನ್ ಆರಿಸಿ. ಹಿಟ್ಟಿನ ಗಿರಣಿ ನಡೆಯದ ಹೊತ್ತು ನೋಡಿಕೊಳ್ಳಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಮೈಕಿನ ತೂತು ಬಾಯಿಂದ ಒಂದು ಗೇಣು ದೂರದಲ್ಲಿ, ನೇರ ಎದುರಿಗಲ್ಲದೆ ತುಸು ಪಕ್ಕಕ್ಕೆ ಇರಲಿ, ಇಲ್ಲದಿದ್ದರೆ ‘ಪ’, ‘ಭ’ ಅಕ್ಷರಗಳು ಢಬ್ಬೆಂದು ಕೇಳಿಸುತ್ತವೆ. ಗಾಳಿಯಿದ್ದರೆ ತೆಳು ಹತ್ತಿ ಬಟ್ಟೆಯನ್ನು ಒಂದೇ ಪದರ ಹೊದಿಸಿ. ಅಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ 120 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ. ಫೋನಿನ ಪುಟ್ಟ ಸ್ಪೀಕರ್ ಅದನ್ನು ನುಡಿಸಲಾರದು. ಆಮೇಲೆ ದನಿಯ ಏರಿಳಿತ ಸಮ ಮಾಡಿ, ಗರಿಷ್ಠ ಮಟ್ಟ ಮೈನಸ್ 3 ಡೆಸಿಬೆಲ್‌ಗೆ ನಿಲ್ಲಿಸಿ.

ಕಡತದ ಬಗೆ ಎರಡು ಇರಲಿ. ಸ್ಮಾರ್ಟ್‌ಫೋನುಗಳಿಗೆ ಓಪಸ್. 2012ರಲ್ಲಿ ಮಾನಕವಾದ ಈ ಮುಕ್ತ ಧ್ವನಿ ಸಂಕೋಚನ ವಿಧಾನದಲ್ಲಿ ಮಾತು ಸೆಕೆಂಡಿಗೆ 16 ಕಿಲೊಬಿಟ್‌ನಲ್ಲೇ ಸ್ಪಷ್ಟವಾಗಿರುತ್ತದೆ. ನಿಮಿಷಕ್ಕೆ 120 ಕಿಲೊಬೈಟ್, ಅರ್ಧ ಗಂಟೆಗೆ 3.6 ಮೆಗಾಬೈಟ್. ಸೋಬಾನೆ, ತತ್ವಪದ, ಭಜನೆಗಳಿಗೆ 32 ಕಿಲೊಬಿಟ್ ಕೊಡಿ, ಏಕತಾರಿಯ ನಾದಕ್ಕೂ ತಾಳದ ಸದ್ದಿಗೂ 16 ಸಾಲದು. ಆಂಡ್ರಾಯ್ಡ್ 5ರಿಂದ ಓಪಸ್ ನುಡಿಯುತ್ತದೆ. ಆದರೆ ಹಳೆಯ ಫೋನುಗಳು ಕಡತದ ಹೆಸರಿನ ಬಾಲ ‘ಓಪಸ್’ ಎಂದಿದ್ದರೆ ಗುರುತಿಸುವುದಿಲ್ಲ, ‘ಓಜಿಜಿ’ ಎಂದಿದ್ದರೆ ನುಡಿಸುತ್ತವೆ. ಕೀಪ್ಯಾಡ್ ಫೋನುಗಳಿಗೆ ಎಂಪಿ3, ಮೋನೋ, 32 ಕಿಲೊಬಿಟ್. ಅರ್ಧ ಗಂಟೆಗೆ 7.2 ಮೆಗಾಬೈಟ್. ಅರ್ಧ ಗಂಟೆಯನ್ನು ಒಂದೇ ಕಡತ ಮಾಡದೆ ವಿಷಯಕ್ಕೊಂದರಂತೆ ಐದೈದು ನಿಮಿಷದ ಆರು ತುಂಡು ಮಾಡಿ. ಸಂಪರ್ಕ ಕಡಿದರೆ ಒಂದು ತುಂಡು ಮಾತ್ರ ಹೋಗುತ್ತದೆ. ಕಡತಕ್ಕೆ ಕನ್ನಡದಲ್ಲಿ ಹೆಸರಿಡಲು ಮನಸ್ಸಾಗುತ್ತದೆ, ಆದರೆ ಹಳೆಯ ಫೋನುಗಳು ಅದನ್ನು ಚೌಕಗಳಾಗಿ ತೋರಿಸುತ್ತವೆ. ಅಂಕಿಗಳಲ್ಲಿ ವರ್ಷ, ತಿಂಗಳು, ದಿನ, ಕ್ರಮಸಂಖ್ಯೆ ಬರೆಯಿರಿ. ತಾನಾಗಿ ಸರದಿಯಲ್ಲಿ ನಿಲ್ಲುತ್ತವೆ.

ಊರಿಗೆ ಕೊಪ್ಪಲೋ ತಾಂಡಾವೋ ಕಿಲೊಮೀಟರ್ ದೂರದಲ್ಲಿದ್ದರೆ ಎರಡನೇ ಪೆಟ್ಟಿಗೆ ಇಟ್ಟು ಬೆಸೆಯಬಹುದು. ಎರಡು ರೇಡಿಯೊ ಇರುವ ರೂಟರ್ ಬಳಸಿ, 5 ಗಿಗಾಹರ್ಟ್ಸ್ ಪೆಟ್ಟಿಗೆಗಳ ನಡುವೆ ಇರಲಿ, 2.4 ಗಿಗಾಹರ್ಟ್ಸ್ ಜನರ ಫೋನುಗಳಿಗೆ. ಆಗ ಮೇಲೆ ಹೇಳಿದ ಅರ್ಧ–ಅರ್ಧದ ನಷ್ಟ ತಪ್ಪುತ್ತದೆ. ‘ಒಂದಕ್ಕೊಂದು ಕಾಣುತ್ತವಲ್ಲ’ ಎಂದರೆ ಸಾಲದು. ಒಂದು ಕಿಲೊಮೀಟರಿನ ನಡುಮಧ್ಯೆ 5.8 ಗಿಗಾಹರ್ಟ್ಸ್‌ನಲ್ಲಿ ದೃಷ್ಟಿರೇಖೆಯ ಸುತ್ತ ಮೂರೂವರೆ ಮೀಟರಿನಷ್ಟು, 2.4ರಲ್ಲಿ ಐದೂವರೆ ಮೀಟರಿನಷ್ಟು ಜಾಗ ಬಹುಮಟ್ಟಿಗೆ ಖಾಲಿಯಿರಬೇಕು. ರಾಗಿ ಹೊಲದ ಮೇಲೆ ಹಾದರೆ ತೊಂದರೆಯಿಲ್ಲ. ತೆಂಗಿನ ತೋಟ ಅಡ್ಡ ಬಂದರೆ ಬೇಸಿಗೆಯಲ್ಲಿ ನಡೆದ ಸಂಪರ್ಕ ಮಳೆಗಾಲದಲ್ಲಿ ನಿಲ್ಲುತ್ತದೆ, ನೀರು ಕುಡಿದ ಗರಿಗಳು ಈ ತರಂಗಗಳನ್ನು ನುಂಗುತ್ತವೆ. ಮೇಲ್ಮಟ್ಟದ ನೀರಿನ ಟ್ಯಾಂಕು ಒಳ್ಳೆಯ ಜಾಗ, ಆದರೆ ಅಲ್ಲಿಂದ ಇಳಿಯುವ ತಂತಿ ಸಿಡಿಲಿಗೂ ದಾರಿ. ಸರ್ಜ್ ಪ್ರೊಟೆಕ್ಟರ್ ಹಾಕಿ, ಸರಿಯಾಗಿ ಅರ್ಥಿಂಗ್ ಮಾಡಿಸಿ. ಹೊರಗಿನ ಬಿಸಿಲಿಗೆ ತಡೆಯುವ ಕೇಬಲ್ಲನ್ನೇ ಬಳಸಿ, ಕೋತಿಗಳಿರುವ ಕಡೆ ಅದನ್ನು ಪೈಪಿನೊಳಗೆ ಇಳಿಸಿ. ಇದು ಆಗದು ಎನಿಸಿದರೆ ಬಿಟ್ಟುಬಿಡಿ. ತಾಂಡಾದಿಂದ ಹಾಲು ತರುವವರ ಫೋನೇ ಅಲ್ಲಿಗೆ ಕಡತ ಒಯ್ಯುತ್ತದೆ, ಅದಕ್ಕೆ ತಂತಿಯೂ ಬೇಡ, ಕಂಬವೂ ಬೇಡ.

ಫೋನಿಗೆ ಇಳಿದ ಕಡತ ಇನ್ನು ಕೈಯಿಂದ ಕೈಗೆ ಹೋಗಬೇಕು, ಅಡ್‌ಹಾಕ್ ಜಾಲದ ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ. ಒಂದು ಕಾಲಕ್ಕೆ ಹಳ್ಳಿಗಳಲ್ಲಿ ಹಾಡು, ಸಿನಿಮಾ ದಾಟಿಸಲು ಬಳಕೆಯಲ್ಲಿದ್ದ ಶೇರ್‌ಇಟ್, ಕ್ಸೆಂಡರ್ ಆ್ಯಪ್‌ಗಳನ್ನು 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿತು. ಈಗ ಅದೇ ಕೆಲಸಕ್ಕೆ ಆಂಡ್ರಾಯ್ಡಿನ ಕ್ವಿಕ್ ಶೇರ್ ಇದೆ. ಬ್ಲೂಟೂತ್, ವೈಫೈ, ಲೊಕೇಶನ್ ಮೂರೂ ಆನ್ ಇರಲಿ, ಒಂದು ಆರಿದ್ದರೆ ಎದುರಿನ ಫೋನು ಕಾಣದೇ ಹೋಗಬಹುದು. ಕೀಪ್ಯಾಡ್ ಫೋನಿಗೆ ಬ್ಲೂಟೂತ್, ಐದು ನಿಮಿಷದ ತುಂಡಿಗೆ ಹತ್ತು–ಹನ್ನೆರಡು ಸೆಕೆಂಡ್ ಹಿಡಿಯಬಹುದು. ಫೋನಿಗೆ ಇಳಿದ ಕಡತ ಮಾಮೂಲಿ ಮ್ಯೂಸಿಕ್ ಪ್ಲೇಯರಿನಲ್ಲಿ ನುಡಿಯುತ್ತದೆ. ಅದಕ್ಕೆಂದೇ ಹೊಸ ಆ್ಯಪ್ ಮಾಡಿಸಬೇಡಿ. ಆಂಡ್ರಾಯ್ಡ್ 6ರಿಂದ ಬಂದ ನಿದ್ರೆಯ ನಿಯಮಗಳು ಹಿನ್ನೆಲೆಯಲ್ಲಿ ನಡೆಯುವ ಆ್ಯಪ್‌ಗಳನ್ನು ಹತ್ತಿಕ್ಕುತ್ತವೆ, ಫೋನ್ ಕಂಪನಿಗಳು ತಮ್ಮ ಕಡೆಯಿಂದಲೂ ಅವನ್ನು ಮುಚ್ಚುತ್ತವೆ.

ಸ್ವಂತ ಫೋನಿಲ್ಲದ ಹೆಂಗಸರನ್ನು, ಮುದುಕರನ್ನು ಬಿಟ್ಟು ಊರಿನ ದನಿ ಎನ್ನುವುದು ಹೇಗೆ? ಮನೆಯ ಒಂದೇ ಫೋನು ಗಂಡನ ಜೇಬಿನಲ್ಲೋ ಮಗನ ಕೈಯಲ್ಲೋ ಇರುತ್ತದೆ. ಸ್ವಸಹಾಯ ಸಂಘದ ವಾರದ ಸಭೆಗೆ 5 ವ್ಯಾಟಿನ ಒಂದು ಬ್ಲೂಟೂತ್ ಸ್ಪೀಕರ್ ಕೊಟ್ಟರೆ ಇಪ್ಪತ್ತು ಜನ ಒಟ್ಟಿಗೆ ಕೇಳುತ್ತಾರೆ. ಕೇಳಿದ ಮೇಲೆ ಅಲ್ಲೇ ಮಾತು ಹುಟ್ಟುತ್ತದೆ. ಆ ಮಾತನ್ನು ಅಲ್ಲೇ ಮುದ್ರಿಸಿಕೊಳ್ಳಿ, ಮುಂದಿನ ವಾರದ ಕಾರ್ಯಕ್ರಮ ಅದೇ. ನಮ್ಮ ಮಟ್ಟಿಗೆ ಇಡೀ ವ್ಯವಸ್ಥೆ ಇರುವುದೇ ಆ ಮರುದನಿಗಾಗಿ. ಅಶ್ವತ್ಥಕಟ್ಟೆಯ ಧ್ವನಿವರ್ಧಕದಲ್ಲಿ ಹಾಕುವುದಾದರೆ 2000ದ ಶಬ್ದಮಾಲಿನ್ಯ ನಿಯಮಗಳಂತೆ ಲಿಖಿತ ಅನುಮತಿ ಬೇಕು, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಹಾಕುವಂತಿಲ್ಲ. ಹತ್ತು ನಿಮಿಷ ಮೀರದಿರಲಿ, ಮಲಗಿದ ಮಗುವಿರುವ ಮನೆಗೆ ಅದನ್ನು ಆರಿಸುವ ಗುಂಡಿ ಇಲ್ಲ.

ಮರಳಿ ಬರುವ ದನಿಗೆ ಕಾವಲು ಬೇಕು. ಮುದ್ರಣದ ಆರಂಭದಲ್ಲೇ ‘ಇದನ್ನು ಊರಿಗೆಲ್ಲ ಕೇಳಿಸಬಹುದೇ’ ಎಂದು ಕೇಳಿ, ಒಪ್ಪಿಗೆಯನ್ನು ಅವರ ದನಿಯಲ್ಲೇ ಇಟ್ಟುಕೊಳ್ಳಿ. ಕೈಯಿಂದ ಕೈಗೆ ಹೋದ ಕಡತವನ್ನು ಹಿಂದಕ್ಕೆ ಕರೆಯಲಾಗದು. ಕಾಯಿಲೆ, ಸಾಲ, ಮನೆಜಗಳದ ಮಾತು ಬಂದರೆ ಹೆಸರು ತೆಗೆಯಿರಿ. ಬೇರೆ ಬೇರೆ ಕೇರಿಯ ಇಬ್ಬರಾದರೂ, ಅವರಲ್ಲಿ ಒಬ್ಬರು ಹೆಂಗಸು, ಕೇಳಿ ಒಪ್ಪಿದ ಮೇಲೆಯೇ ಪೆಟ್ಟಿಗೆಗೆ ಏರಲಿ. ಏರಿಸುವ ಕಡತಕ್ಕೆ ಡಿಜಿಟಲ್ ಸಹಿ ಹಾಕಿ, ಸಹಿ ತಾಳೆಯಾಗದ್ದನ್ನು ಪೆಟ್ಟಿಗೆ ತಿರಸ್ಕರಿಸುವಂತೆ ಮಾಡಿ. ಚುನಾವಣೆಯ ಹೊತ್ತಿಗೆ ಪಂಚಾಯಿತಿಯ ಹೆಸರಿನಲ್ಲಿ ಯಾರೋ ಕತ್ತರಿಸಿ ಅಂಟಿಸಿದ ಮಾತು ಓಡಾಡಬಾರದು. ಫೋನಿನಿಂದ ಫೋನಿಗೆ ಹೋಗುವ ಪ್ರತಿಗಳಿಗೆ ಈ ಕಾವಲು ಸಿಗದು. ಅನುಮಾನ ಬಂದವರು ಡೇರಿಗೆ ಬಂದು ಮೂಲ ಕೇಳಲಿ ಎಂದು ಕಾರ್ಯಕ್ರಮದಲ್ಲೇ ಹೇಳುತ್ತಿರಬೇಕು.

ಕಾನೂನಿನ ಮಾತು ಚಿಕ್ಕದು. ಗಾಳಿಯ ತರಂಗ ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಸಮುದಾಯ ಬಾನುಲಿಗೆ 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೂ 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ದಾರಿ ತೆರೆಯಿತು. ಅದಕ್ಕೆ ಪರವಾನಗಿ, ಪ್ರಸಾರಯಂತ್ರ, 30 ಮೀಟರ್ ಒಳಗಿನ ಗೋಪುರ ಎಲ್ಲ ಬೇಕು. ಪರವಾನಗಿಯಿಲ್ಲದೆ ಪುಟ್ಟ ಎಫ್‌ಎಂ ಪ್ರಸಾರಯಂತ್ರ ಇಡುವುದು ಅಪರಾಧ, ಯಾರೂ ಆ ಆಸೆಗೆ ಬೀಳಬೇಡಿ. ವೈಫೈಯ 2.4 ಗಿಗಾಹರ್ಟ್ಸ್‌ಗೆ 2005ರಿಂದ, 5 ಗಿಗಾಹರ್ಟ್ಸ್‌ನ ವಿಸ್ತೃತ ಭಾಗಕ್ಕೆ 2018ರಿಂದ ಪರವಾನಗಿಯ ವಿನಾಯಿತಿ ಇದೆ, ನಿಗದಿತ ಶಕ್ತಿಯ ಮಿತಿಯೊಳಗೆ. ಪೆಟ್ಟಿಗೆಯಿಂದ ಜನರಿಗೆ ಇಂಟರ್‌ನೆಟ್ ಕೊಡಲು ಹೊರಟರೆ ವಿಷಯ ಬೇರೆಯಾಗುತ್ತದೆ, ಅದಕ್ಕೆ ಸಾರ್ವಜನಿಕ ವೈಫೈಗಾಗಿ ಇರುವ 2020ರ ಪಿಎಂ–ವಾಣಿಯಂಥ ಚೌಕಟ್ಟಿನೊಳಗೆ ಬರಬೇಕು. ಸರ್ಕಾರದ ಭಾರತ್‌ನೆಟ್ ಇಂಟರ್‌ನೆಟ್ ತಂತಿ ಪಂಚಾಯಿತಿಗೆ ಬಂದಿದ್ದರೆ ಕಾರ್ಯಕ್ರಮ ತರಿಸಿಕೊಳ್ಳಲು ಮಾತ್ರ ಬಳಸಿ. ಸಿನಿಮಾ ಹಾಡು ಹಾಕಬೇಡಿ, ಹಕ್ಕು ಇನ್ನೊಬ್ಬರದು. ಊರಲ್ಲೇ ಹಾಡುವವರಿದ್ದಾರೆ.

ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೂ ಹಾಲು ಒಕ್ಕೂಟಗಳಿಗೂ ನಮ್ಮ ಕೋರಿಕೆ ಇಷ್ಟೇ. ಯಾವುದೇ ಯೋಜನೆ ಮಾಡುವಾಗ ಮೊದಲ ವರ್ಷದ ಸಾಮಾನಿನ ಹಣವನ್ನಷ್ಟೇ ಬರೆಯಬೇಡಿ. ಈ 7 ಆಂಪಿಯರ್–ಅವರ್ ಬ್ಯಾಟರಿ ಎರಡು–ಮೂರು ವರ್ಷಕ್ಕೆ ಸಾಯುತ್ತದೆ, ಅದನ್ನು ಬದಲಿಸುವ ಹಣ ಯಾವ ಲೆಕ್ಕಶೀರ್ಷಿಕೆಯಲ್ಲಿದೆ ಎಂದು ಈಗಲೇ ಬರೆದಿಡಿ. ವಾರಕ್ಕೆ ಎರಡು ದಿನ ಮುದ್ರಿಸಿ, ಕತ್ತರಿಸಿ, ಏರಿಸುವ ಯುವಕ ಯುವತಿಯರಿಗೆ ಗೌರವಧನವನ್ನು ಆದೇಶದಲ್ಲೇ ನಿಗದಿ ಮಾಡಿ. ರೂಟರಿನ ಪಾಸ್‌ವರ್ಡ್ ಒಬ್ಬರ ತಲೆಯಲ್ಲಿ ಮಾತ್ರ ಇದ್ದರೆ ಅವರು ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದ ದಿನ ಊರಿನ ದನಿ ನಿಲ್ಲುತ್ತದೆ. ಅದನ್ನು ಮುಚ್ಚಿದ ಲಕೋಟೆಯಲ್ಲಿ ಬರೆದು ಡೇರಿಯ ಬೀರುವಿನಲ್ಲಿ ಇಡಿಸಿ. ಜೊತೆಗೆ ಎಲ್ಲ ಹೊಂದಿಸಿ ಸಿದ್ಧಪಡಿಸಿದ ಎರಡನೇ ಪೆನ್‌ಡ್ರೈವ್ ಒಂದಿರಲಿ.

ಇಂತಿ,
ಗ್ರಾಮೀಣ ಧ್ವನಿಜಾಲಗಳ ಕೆಲಸದಲ್ಲಿರುವ ಕೆಲವು ಓದುಗರು,
ಬೆಂಗಳೂರು